ಮೈಲ್ಡ್ ಸ್ಟೀಲ್‌ಗೆ ತೂತು ಹಾಕಲು ಎಷ್ಟು ಸ್ಪೀಡ್, ಎಷ್ಟು ಫೀಡ್?

ಹಾಸನದ ಬಿ.ಎಂ. ರಸ್ತೆಯ ಫ್ಯಾಬ್ರಿಕೇಶನ್ ಶೆಡ್‌ಗಳಿಂದ ಹಿಡಿದು ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ವರ್ಕ್‌ಶಾಪುಗಳವರೆಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಹೊಸ ಬಿಟ್ ತಂದರೂ ನಾಲ್ಕು ತೂತಿಗೆ ಮೊಂಡಾಗುತ್ತೆ, ಯಾವ ಕಂಪನಿ ಬಿಟ್ ತಗೊಳ್ಳಲಿ?" ಬಹಳಷ್ಟು ಸಲ ಕಂಪನಿ ಬದಲಾಯಿಸಿ ಪ್ರಯೋಜನವಿಲ್ಲ. ಮಿಷಿನ್‌ನ ಬೆಲ್ಟನ್ನು ಪುಲ್ಲಿಯ ಬೇರೆ ಮೆಟ್ಟಿಲಿಗೆ ಹಾಕಿ ಸ್ಪೀಡ್ ಬದಲಾಯಿಸಬೇಕು. 6 ಎಂಎಂ ಬಿಟ್‌ಗೆ ಹಾಕಿದ್ದ ಸ್ಪೀಡಿನಲ್ಲೇ 16 ಎಂಎಂ ಬಿಟ್ಟನ್ನೂ ಓಡಿಸಿದರೆ ಯಾವ ಬಿಟ್ಟೂ ಬದುಕುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಎಚ್ಎಸ್ಎಸ್ ಬಿಟ್, ಅಂದರೆ ಹೈಸ್ಪೀಡ್ ಸ್ಟೀಲಿನ ಮಾಮೂಲಿ ಸುರುಳಿ ಬಿಟ್, ಮತ್ತು ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟ್, ಆಂಗಲ್, ಚಾನೆಲ್, ರಾಡುಗಳ ಬಗ್ಗೆ. ಮಿಷಿನ್ ಬೆಂಚ್ ಡ್ರಿಲ್ಲಿಂಗ್ ಅಥವಾ ಪಿಲ್ಲರ್ ಡ್ರಿಲ್ಲಿಂಗ್ ಎಂದಿಟ್ಟುಕೊಳ್ಳಿ. ಕೈ ಡ್ರಿಲ್ ಬಗ್ಗೆ ಕೊನೆಯಲ್ಲಿ ಇದೆ.

ಎರಡು ಮಾತು ಮೊದಲೇ ತಿಳಿದಿರಲಿ. ಸ್ಪೀಡ್ ಅಂದರೆ ಬಿಟ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂಬುದು, ಆರ್‌ಪಿಎಂ. ಫೀಡ್ ಅಂದರೆ ಒಂದು ಸುತ್ತಿಗೆ ಬಿಟ್ ಎಷ್ಟು ಎಂಎಂ ಕೆಳಗಿಳಿಯುತ್ತದೆ ಎಂಬುದು. ಸ್ಪೀಡ್ ಜಾಸ್ತಿಯಾದರೆ ಬಿಟ್ಟಿನ ಹೊರ ಮೂಲೆ ಸುಡುತ್ತದೆ. ಫೀಡ್ ಕಡಿಮೆಯಾದರೆ ಅಲಗು ಕತ್ತರಿಸುವ ಬದಲು ಉಜ್ಜುತ್ತದೆ, ಜಾಸ್ತಿಯಾದರೆ ಬಿಟ್ ಮುರಿಯುತ್ತದೆ. ಜನ ಸ್ಪೀಡಿಗೆ ಹೆದರುವುದಿಲ್ಲ, ಫೀಡಿಗೆ ಹೆದರುತ್ತಾರೆ. ಆಗಬೇಕಾದ್ದು ಇದರ ಉಲ್ಟಾ.

1. ಮೊದಲು ಕಬ್ಬಿಣ ಯಾವುದು ಅಂತ ನೋಡಿ

ಮೈಲ್ಡ್ ಸ್ಟೀಲ್‌ನಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ. ಅಂಗಡಿಯಲ್ಲಿ ಸಿಗುವ ಐಎಸ್ 2062 ದರ್ಜೆಯ ಪ್ಲೇಟ್, ಆಂಗಲ್, ಚಾನೆಲ್ ಇದೇ ಗುಂಪು. ತೊಂದರೆ ಬರುವುದು ಗುಜರಿಯಿಂದ ತಂದ ಮಾಲಿನಲ್ಲಿ. ಹಳೆಯ ಶಾಫ್ಟ್ ಅನೇಕ ಸಲ ಇಎನ್ 8 ಆಗಿರುತ್ತದೆ, ಅದರಲ್ಲಿ ಇಂಗಾಲ ಶೇ 0.4ರ ಆಸುಪಾಸು. ಅದಕ್ಕೆ ಕೆಳಗಿನ ಸ್ಪೀಡಿನ ಮುಕ್ಕಾಲು ಭಾಗ ಸಾಕು. ಲಾರಿ, ಜೀಪಿನ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ನಿಧಾನಕ್ಕೆ ಆರಿಸಿ ಮೆತ್ತಗೆ ಮಾಡದೆ ಎಚ್ಎಸ್ಎಸ್ ಬಿಟ್ ಇಡಲೇಬೇಡಿ. ಟಿಎಂಟಿ ಕಂಬಿಯ ಹೊರಪದರವೂ ಒಳಗಿಗಿಂತ ಗಡಸು.

ಅನುಮಾನವಿದ್ದರೆ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಮೈಲ್ಡ್ ಸ್ಟೀಲ್ ಆದರೆ ಉದ್ದನೆಯ, ಹಳದಿ ಗೆರೆಗಳು, ತುದಿಯಲ್ಲಿ ಕವಲು ಕಡಿಮೆ. ಇಂಗಾಲ ಹೆಚ್ಚಾದಷ್ಟೂ ಗೆರೆಯ ತುದಿಯಲ್ಲಿ ಚಿಟಪಟ ಒಡೆಯುವ ಕಿಡಿಗಳು ಹೆಚ್ಚು. ಇನ್ನೊಂದು ಸುಲಭ ದಾರಿ ಅರ: ಅರ ಕಚ್ಚಿದರೆ ಬಿಟ್ಟೂ ಕಚ್ಚುತ್ತದೆ, ಅರ ಜಾರಿದರೆ ಬಿಟ್ ಇಡಬೇಡಿ. ಗ್ಯಾಸ್ ಕಟಿಂಗ್ ಮಾಡಿದ ಅಂಚು, ವೆಲ್ಡಿಂಗ್ ಪಕ್ಕದ ಜಾಗ ಪ್ಲೇಟಿನ ಉಳಿದ ಭಾಗಕ್ಕಿಂತ ಗಟ್ಟಿಯಾಗಿರಬಹುದು. ತೂತಿನ ಜಾಗವನ್ನು ಅಲ್ಲಿಂದ ಸ್ವಲ್ಪ ದೂರ ಇಟ್ಟುಕೊಂಡರೆ ಒಳ್ಳೆಯದು.

2. ಸ್ಪೀಡ್ ಲೆಕ್ಕ ಹಾಕಿ

ನೆನಪಿಡಬೇಕಾದ ಸಂಖ್ಯೆ ಒಂದೇ: 8000. ಅದನ್ನು ಬಿಟ್ಟಿನ ಎಂಎಂ ಸೈಜಿನಿಂದ ಭಾಗಿಸಿ. ಬಂದದ್ದೇ ಆರ್‌ಪಿಎಂ.

ಇದು ಎಲ್ಲಿಂದ ಬಂತು? ಎಚ್ಎಸ್ಎಸ್ ಬಿಟ್ಟಿನ ಹೊರ ಅಂಚು ಮೈಲ್ಡ್ ಸ್ಟೀಲ್ ಮೇಲೆ ನಿಮಿಷಕ್ಕೆ ಸುಮಾರು 25 ಮೀಟರ್ ಓಡಬಹುದು. ಇದಕ್ಕೆ ಕಟಿಂಗ್ ಸ್ಪೀಡ್ ಎನ್ನುತ್ತಾರೆ. 5 ಎಂಎಂ ಬಿಟ್ ಒಂದು ಸುತ್ತು ಹಾಕಿದರೆ ಅದರ ಹೊರ ಅಂಚು 16 ಎಂಎಂ ಓಡುತ್ತದೆ, 20 ಎಂಎಂ ಬಿಟ್ ಒಂದೇ ಸುತ್ತಿಗೆ 63 ಎಂಎಂ. ಹಾಗಾಗಿ ದಪ್ಪ ಬಿಟ್ ನಿಧಾನ ಸುತ್ತಬೇಕು. 25 ಮೀಟರನ್ನು ಎಂಎಂ ಮಾಡಿ 3.14ರಿಂದ ಭಾಗಿಸಿದರೆ 7960 ಬರುತ್ತದೆ, ಕೈಲೆಕ್ಕಕ್ಕೆ 8000. ತೂತಿನ ಆಳ ಬಿಟ್ಟಿನ ವ್ಯಾಸದ ಮೂರು ಪಟ್ಟು ದಾಟದಿದ್ದರೆ ಪ್ಲೇಟ್ ಎಷ್ಟು ದಪ್ಪ ಅನ್ನುವುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. "ದಪ್ಪ ಪ್ಲೇಟ್, ಜೋರಾಗಿ ಓಡಿಸು" ಎನ್ನುವುದು ಶುದ್ಧ ತಪ್ಪು.

ಕೂಲಂಟ್, ಅಂದರೆ ಬಿಟ್ ತಂಪು ಮಾಡುವ ದ್ರವ, ಹರಿಯುತ್ತಿದ್ದರೆ ಈ ಲೆಕ್ಕ. ಒಣ ಕೊರೆಯುವುದಾದರೆ 8000 ಬದಲು 5500 ಇಟ್ಟುಕೊಳ್ಳಿ. ಬಿಟ್ಟಿನ ಮೇಲೆ ಎಂ 35 ಎಂದು ಬರೆದಿದ್ದರೆ ಅದು ಶೇ 5ರಷ್ಟು ಕೋಬಾಲ್ಟ್ ಸೇರಿದ ಎಚ್ಎಸ್ಎಸ್, ಬಿಸಿ ಹೆಚ್ಚು ತಡೆಯುತ್ತದೆ. ಹಾಗಂತ ಸ್ಪೀಡ್ ಏರಿಸುವುದಕ್ಕಿಂತ ಅದೇ ಸ್ಪೀಡಿನಲ್ಲಿ ಹೆಚ್ಚು ತೂತು ತೆಗೆಯುವುದೇ ಲಾಭ.

3. ಆ ಸ್ಪೀಡ್ ನಿಮ್ಮ ಮಿಷಿನ್‌ನಲ್ಲಿ ಎಲ್ಲಿದೆ?

ಬೆಲ್ಟ್ ಕವರಿನ ಒಳಗೆ ಸ್ಪೀಡ್ ಚಾರ್ಟ್ ಅಂಟಿಸಿರುತ್ತಾರೆ. ಹಳೆಯ ಮಿಷಿನ್‌ಗಳಲ್ಲಿ ಅದು ಎಣ್ಣೆ ಕುಡಿದು ಅಳಿಸಿಹೋಗಿರುತ್ತದೆ. ಆಗ ನೀವೇ ಲೆಕ್ಕ ಹಾಕಿ: ಮೋಟರಿನ ನೇಮ್‌ಪ್ಲೇಟಿನಲ್ಲಿರುವ ಆರ್‌ಪಿಎಂ, ಸಾಮಾನ್ಯವಾಗಿ 1440 ಇರುತ್ತದೆ, ಅದನ್ನು ಮೋಟರ್ ಪುಲ್ಲಿಯ ವ್ಯಾಸದಿಂದ ಗುಣಿಸಿ ಸ್ಪಿಂಡಲ್ (ಬಿಟ್ಟನ್ನು ತಿರುಗಿಸುವ ದಂಡ) ಪುಲ್ಲಿಯ ವ್ಯಾಸದಿಂದ ಭಾಗಿಸಿ. ಮೋಟರ್ ಪುಲ್ಲಿ 60 ಎಂಎಂ, ಸ್ಪಿಂಡಲ್ ಪುಲ್ಲಿ 120 ಎಂಎಂ ಆದರೆ 720 ಆರ್‌ಪಿಎಂ. ಬೆಲ್ಟ್ ಕೂರುವ ಪ್ರತಿ ಮೆಟ್ಟಿಲಿಗೂ ಹೀಗೆ ಲೆಕ್ಕ ಹಾಕಿ ಕವರಿನ ಒಳಗೆ ಪೇಂಟಿನಲ್ಲಿ ಬರೆದುಬಿಡಿ. ಮೋಟರಿನ ಚಿಕ್ಕ ಪುಲ್ಲಿಯಿಂದ ಸ್ಪಿಂಡಲ್‌ನ ದೊಡ್ಡ ಪುಲ್ಲಿಗೆ ಬೆಲ್ಟ್ ಬಿದ್ದಾಗ ಅತಿ ನಿಧಾನ.

ಲೆಕ್ಕಕ್ಕೆ ಸರಿಯಾಗಿ ಹೊಂದುವ ಮೆಟ್ಟಿಲು ಸಿಗುವುದು ಅಪರೂಪ. ಸಿಗದಿದ್ದರೆ ಕೆಳಗಿನದನ್ನು ಆರಿಸಿ. ನಿಧಾನ ಓಡಿದರೆ ಹೋಗುವುದು ಕೆಲವು ಸೆಕೆಂಡು, ಜೋರು ಓಡಿದರೆ ಹೋಗುವುದು ಬಿಟ್. ಬೆಲ್ಟ್ ಸಡಿಲವಾಗಿದ್ದರೆ ದೊಡ್ಡ ಬಿಟ್ ಕಚ್ಚಿದ ಕೂಡಲೇ ಜಾರಿ ಚಾರ್ಟಿನ ಸಂಖ್ಯೆ ಸುಳ್ಳಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಲೈನಿನ ತುದಿಯ ತೋಟಗಳಲ್ಲಿ ವೋಲ್ಟೇಜ್ 230ರಿಂದ 180ಕ್ಕೆ ಬಿದ್ದಾಗ ಮೋಟರಿನ ಸುತ್ತು ಅಷ್ಟೇನೂ ಇಳಿಯುವುದಿಲ್ಲ, ಆದರೆ ತಿರುಗಿಸುವ ಬಲ ಸುಮಾರು ಶೇ 40ರಷ್ಟು ಹೋಗುತ್ತದೆ. ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬಲ ಇಳಿಯುವುದರಿಂದ ಹೀಗೆ. ಬಿಟ್ ತೂತಿನಲ್ಲೇ ನಿಂತು ಮೋಟರ್ ಗುಂಯ್‌ಗುಟ್ಟಿದರೆ ಸ್ಪೀಡ್ ಬದಲಾಯಿಸುವ ಅಗತ್ಯವಿಲ್ಲ, ತಕ್ಷಣ ಸ್ವಿಚ್ ಆಫ್ ಮಾಡಿ. ವೋಲ್ಟೇಜ್ ಬರುವವರೆಗೆ ದೊಡ್ಡ ತೂತು ಮುಂದಕ್ಕೆ ಹಾಕಿ.

4. ಫೀಡ್ ಆರಿಸಿ

ಆಟೊ ಫೀಡ್ ಇಲ್ಲದ ಮಿಷಿನ್‌ನಲ್ಲಿ ಫೀಡ್ ನಿಮ್ಮ ಕೈಯಲ್ಲೇ ಇದೆ, ಆದ್ದರಿಂದ ಇದನ್ನು ಲೆಕ್ಕಕ್ಕೆ ತಾರದೇ ಬಿಡುವವರೇ ಹೆಚ್ಚು. ಬಿಟ್ಟಿನ ವ್ಯಾಸದ ಅರವತ್ತನೇ ಒಂದರಿಂದ ಎಪ್ಪತ್ತನೇ ಒಂದು ಭಾಗ ಇಟ್ಟುಕೊಂಡರೆ ಮಧ್ಯಮ ಸೈಜುಗಳಿಗೆ ಸರಿ. ದೊಡ್ಡವಕ್ಕೆ ಸ್ವಲ್ಪ ಕಡಿಮೆ.

ಕೂಲಂಟ್ ಜೊತೆ ಮೈಲ್ಡ್ ಸ್ಟೀಲಿಗೆ ಶುರು ಮಾಡಲು ಈ ಪಟ್ಟಿ ಸಾಕು. ಗೋಡೆಗೆ ಅಂಟಿಸಿಕೊಳ್ಳಿ:

3 ಎಂಎಂ ಬಿಟ್: 2600 ಆರ್‌ಪಿಎಂ, ಸುತ್ತಿಗೆ 0.05 ಎಂಎಂ
5 ಎಂಎಂ: 1600, 0.08
6 ಎಂಎಂ: 1300, 0.10
8 ಎಂಎಂ: 1000, 0.13
10 ಎಂಎಂ: 800, 0.15
12 ಎಂಎಂ: 650, 0.18
16 ಎಂಎಂ: 500, 0.22
20 ಎಂಎಂ: 400, 0.25
25 ಎಂಎಂ: 320, 0.30

ಕೈಯಲ್ಲಿ 0.15 ಎಂಎಂ ಅಳೆಯುವುದು ಹೇಗೆ ಅನ್ನಿಸಬಹುದು. ಸೆಕೆಂಡಿನಲ್ಲಿ ಅಳೆಯಿರಿ. 10 ಎಂಎಂ ಬಿಟ್, 800 ಸುತ್ತು, ಸುತ್ತಿಗೆ 0.15 ಎಂಎಂ ಅಂದರೆ ನಿಮಿಷಕ್ಕೆ 120 ಎಂಎಂ, ಸೆಕೆಂಡಿಗೆ 2 ಎಂಎಂ. ಪ್ಲೇಟ್ 12 ಎಂಎಂ ದಪ್ಪ. ಇದಕ್ಕೆ ಬಿಟ್ಟಿನ ಮೊನೆಯ ಎತ್ತರ ಸೇರಿಸಿ. 118 ಡಿಗ್ರಿಯ ಮಾಮೂಲಿ ಬಿಟ್ಟಿಗೆ ಅದು ವ್ಯಾಸದ 0.3 ಪಟ್ಟು, ಇಲ್ಲಿ 3 ಎಂಎಂ. ಆಚೆ ದಾಟಲು ಇನ್ನೊಂದು ಎಂಎಂ. ಒಟ್ಟು 16 ಎಂಎಂ, 8 ಸೆಕೆಂಡು. ಬಿಟ್ ಪ್ಲೇಟಿಗೆ ತಾಗಿದಾಗಿನಿಂದ ಆಚೆ ಬರುವವರೆಗೆ ಎಣಿಸಿ ನೋಡಿ. ನಿಮಗೆ 30 ಸೆಕೆಂಡು ಹಿಡಿಯುತ್ತಿದ್ದರೆ ಬಿಟ್ ಅರ್ಧಕ್ಕರ್ಧ ಉಜ್ಜುತ್ತಲೇ ಇದೆ.

ಈಗ ಮಿಷಿನ್‌ನ ಶಕ್ತಿ. 10 ಎಂಎಂ ಬಿಟ್ ಈ ಫೀಡಿನಲ್ಲಿ ಹೆಚ್ಚುಕಡಿಮೆ ಅರ್ಧ ಎಚ್‌ಪಿ ಕೇಳುತ್ತದೆ. ಅರ್ಧ ಎಚ್‌ಪಿಯ ಬೆಂಚ್ ಮಿಷಿನ್ ಇದ್ದರೆ ಆರ್‌ಪಿಎಂ ಹಾಗೇ ಇಟ್ಟು ಫೀಡ್ 0.10ಕ್ಕೆ ಇಳಿಸಿ, ಅಂದರೆ ಅದೇ ತೂತಿಗೆ 12 ಸೆಕೆಂಡು. ಅದಕ್ಕಿಂತ ಕೆಳಗೆ ಹೋಗಬೇಡಿ. "13 ಎಂಎಂ ಕೆಪ್ಯಾಸಿಟಿ" ಎಂದು ಬರೆದಿದ್ದರೆ ಚಕ್ 13 ಎಂಎಂ ಹಿಡಿಯುತ್ತದೆ ಅಂತ ಅರ್ಥ. ಆ ಸೈಜಿಗೆ ಪೂರ್ತಿ ಫೀಡ್ ಕೊಡುವ ತಾಕತ್ತು ಮೋಟರಿಗಿದೆ ಅಂತಲ್ಲ.

5. ಪಂಚ್ ಮತ್ತು ಪೈಲಟ್ ತೂತು

ಸೆಂಟರ್ ಪಂಚ್ ಗುರುತು ಬಿಟ್ಟಿನ ಮಧ್ಯದ ಉಳಿಯಂಥ ಅಂಚು ಕೂರುವಷ್ಟು ಅಗಲ ಇರಬೇಕು. ಸೂಜಿ ಚುಚ್ಚಿದ ಹಾಗಿದ್ದರೆ ಬಿಟ್ ಅಲೆದಾಡುತ್ತದೆ.

ಆ ಮಧ್ಯದ ಅಂಚು ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಹಿಂಡುತ್ತದೆ. ಹ್ಯಾಂಡಲ್ ಮೇಲೆ ನೀವು ಹಾಕುವ ಬಲದಲ್ಲಿ ಅರ್ಧದಷ್ಟು ತಿನ್ನುವುದು ಇದೇ. ಪೈಲಟ್ ತೂತು, ಅಂದರೆ ಮೊದಲು ಹಾಕುವ ಸಣ್ಣ ತೂತು, ಬೇಕಾಗುವುದು ಈ ಅಂಚಿಗೆ ಜಾಗ ಕೊಡಲು ಮಾತ್ರ. 12 ಎಂಎಂಗಿಂತ ಮೇಲಿನ ಬಿಟ್ಟುಗಳಿಗೆ ಹಾಕಿ. ಪೈಲಟ್ ಸೈಜ್ ಆ ಅಂಚಿನ ಉದ್ದಕ್ಕಿಂತ ತುಸು ದೊಡ್ಡದಿದ್ದರೆ ಸಾಕು: 16, 18 ಎಂಎಂ ಬಿಟ್ಟಿಗೆ 4 ಎಂಎಂ ಪೈಲಟ್.

ನಮ್ಮ ಕಡೆ ರೂಢಿಯಲ್ಲಿರುವುದು ಬೇರೆ. ಮೊದಲು 6, ಆಮೇಲೆ 10, ಆಮೇಲೆ 14, ಕೊನೆಗೆ 18. ಪ್ರತಿ ಸಲ ಬಿಟ್ಟಿನ ಹೊರ ಮೂಲೆ ಮಾತ್ರ ಕತ್ತರಿಸುವುದರಿಂದ ಎಲ್ಲ ಬಿಟ್ಟುಗಳ ಮೂಲೆಯೂ ಸವೆಯುತ್ತದೆ, ಬಿಟ್ ಗಡಗಡ ನಡುಗಿ ತೂತು ಮೂಲೆಮೂಲೆಯಾಗುತ್ತದೆ, ಕೆಲವೊಮ್ಮೆ ಕಚ್ಚಿಕೊಂಡು ಕೆಳಕ್ಕೆ ಎಳೆಯುತ್ತದೆ. ಮೋಟರಿಗೆ ಬಲ ಸಾಲದೆ ಹೀಗೆ ಮಾಡಲೇಬೇಕಾಗಿ ಬಂದರೂ ಮಧ್ಯೆ ಒಂದೇ ಹಂತ ಇರಲಿ.

ಯಾವ ಬೋಲ್ಟಿಗೆ ಯಾವ ಬಿಟ್ ಅನ್ನುವುದೂ ಪದೇಪದೇ ಬರುವ ಪ್ರಶ್ನೆ. ಬೋಲ್ಟ್ ಸಲೀಸಾಗಿ ತೂರಲು ಎಂ 8ಕ್ಕೆ 9, ಎಂ 10ಕ್ಕೆ 11, ಎಂ 12ಕ್ಕೆ 13.5, ಎಂ 16ಕ್ಕೆ 17.5 ಎಂಎಂ. ತೂತಿನೊಳಗೆ ಟ್ಯಾಪ್ ಹಾಕಿ ಮರೆ, ಅಂದರೆ ಥ್ರೆಡ್, ತೆಗೆಯುವುದಾದರೆ ಎಂ 6ಕ್ಕೆ 5, ಎಂ 8ಕ್ಕೆ 6.8, ಎಂ 10ಕ್ಕೆ 8.5, ಎಂ 12ಕ್ಕೆ 10.2 ಎಂಎಂ.

6. ಕೆಲಸವನ್ನು ಬಿಗಿಯಾಗಿ ಹಿಡಿಸಿ

ವೈಸ್ ಅಥವಾ ಎರಡು ಕ್ಲಾಂಪ್. ಕೈಯಲ್ಲಿ ಹಿಡಿದ ಪ್ಲೇಟ್ ಬಿಟ್ಟಿಗೆ ಸಿಕ್ಕಿ ತಿರುಗಿದರೆ ಬೆರಳು ಹೋಗುತ್ತದೆ. ಕೈಗವಸು ಹಾಕಬೇಡಿ, ತೋಳು ಮಡಿಸಿ, ಚಳಿಗೆ ಸುತ್ತಿಕೊಂಡ ಮಫ್ಲರ್ ತೆಗೆದಿಡಿ, ಕನ್ನಡಕ ಹಾಕಿ. ಚಿಪ್ಸನ್ನು, ಅಂದರೆ ಕೊರೆದಾಗ ಬರುವ ಲೋಹದ ಚೂರುಗಳನ್ನು, ಬ್ರಷ್‌ನಿಂದ ತೆಗೆಯಿರಿ, ಅದೂ ಮಿಷಿನ್ ನಿಲ್ಲಿಸಿ.

ಚಾನೆಲ್ಲಿನ ರೆಕ್ಕೆಯ ಒಳಮೈ ಇಳಿಜಾರಾಗಿರುತ್ತದೆ. ಅಲ್ಲಿಂದ ಶುರು ಮಾಡಿದರೆ ಬಿಟ್ ಜಾರಿ ಬಾಗುತ್ತದೆ. ಹೊರಗಿನ ಸಪಾಟು ಮೈಯಿಂದ ಕೊರೆಯಿರಿ.

7. ಕೂಲಂಟ್

ಮೈಲ್ಡ್ ಸ್ಟೀಲಿಗೆ ಸಾಲ್ಯುಬಲ್ ಆಯಿಲ್, ನೀರಿಗೆ ಬೆರೆಸಿದರೆ ಬೆಳ್ಳಗಾಗುವ ಎಣ್ಣೆ, ಬೇರೆಲ್ಲದಕ್ಕಿಂತ ಅಗ್ಗ ಮತ್ತು ಸಾಕಷ್ಟು ಒಳ್ಳೆಯದು. ಒಂದು ಪಾಲು ಎಣ್ಣೆಗೆ 20 ಪಾಲು ನೀರು. ನೀರಿಗೆ ಎಣ್ಣೆ ಸುರಿದು ಕಲಕಿ, ಎಣ್ಣೆಗೆ ನೀರು ಸುರಿದರೆ ಸರಿಯಾಗಿ ಬೆರೆಯುವುದಿಲ್ಲ. ಪಂಪ್ ಇಲ್ಲದಿದ್ದರೆ ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟಲಿ ಸಾಕು. ಆದರೆ ಶುರುವಿನಿಂದಲೇ ಹಾಕುತ್ತಿರಿ, ಬಿಟ್ ಹೊಗೆಯಾಡಿದ ಮೇಲೆ ಎರಚುವುದಲ್ಲ.

ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ತಪ್ಪೇನಿಲ್ಲ, ಜಾರಿಕೆ ಚೆನ್ನಾಗಿ ಕೊಡುತ್ತದೆ, ಟ್ಯಾಪ್ ಹಾಕುವಾಗಲಂತೂ ಅನುಕೂಲ. ನೀರಿನಷ್ಟು ತಂಪು ಮಾಡುವುದಿಲ್ಲ, ಸಾಲು ತೂತುಗಳಿಗೆ ಸಾಲದು. ಚಿಕ್ಕಮಗಳೂರಿನ ಡಿಸೆಂಬರ್ ಬೆಳಿಗ್ಗೆಯಲ್ಲಿ ಡಬ್ಬಿಯೊಳಗೆ ಗಟ್ಟಿಯಾಗಿ ಕೂತಿರುವುದು ಬೇರೆ ಪಾಡು. ಹಳೆಯ ಇಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ: ತಂಪು ಮಾಡುವುದಿಲ್ಲ, ಹೊಗೆ ಬರುತ್ತದೆ, ವರ್ಷಗಟ್ಟಲೆ ಚರ್ಮಕ್ಕೆ ತಾಗಿದರೆ ಕ್ಯಾನ್ಸರ್ ತರಬಲ್ಲದು. ಬೀಡಿನ ಎರಕಕ್ಕೆ, ಅಂದರೆ ಕಾಸ್ಟ್ ಐರನ್‌ಗೆ, ಏನೂ ಹಾಕದೆ ಒಣ ಕೊರೆಯಿರಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನ ಬಾಡಿಗೆ ತೂತು ಹಾಕುವ ಮುಂಚೆ ಅದು ಎರಕವೋ ಪ್ಲೇಟೋ ನೋಡಿಕೊಳ್ಳಿ.

8. ಕೊರೆಯುವುದು

ಮೊನೆ ಪೂರ್ತಿ ಒಳಗೆ ಹೋಗುವವರೆಗೆ ಹಗುರ, ಆಮೇಲೆ ಹಿಂಜರಿಯದೆ ಒಂದೇ ಸಮ ಒತ್ತಡ. ಮಧ್ಯೆ ಕೈ ಸಡಿಲ ಬಿಟ್ಟು ಬಿಟ್ಟನ್ನು ತಳದಲ್ಲಿ ಸುಮ್ಮನೆ ಸುತ್ತಲು ಬಿಡಬೇಡಿ. ಅಲಗು ಮೊಂಡಾಗುವುದು ಆ ಎರಡು ಮೂರು ಸೆಕೆಂಡುಗಳಲ್ಲೇ. ಒತ್ತಿ, ಇಲ್ಲವೇ ಮೇಲೆತ್ತಿ.

ಆಳ ವ್ಯಾಸದ ಮೂರು ಪಟ್ಟು ದಾಟಿದರೆ ಚಿಪ್ಸ್ ಮೇಲೆ ಬರಲು ಒದ್ದಾಡುತ್ತದೆ, ಕೂಲಂಟ್ ಕೆಳಗೆ ಹೋಗುವುದಿಲ್ಲ. ಆಗ ಸ್ಪೀಡ್ ಶೇ 10 ಇಳಿಸಿ, ನಾಲ್ಕು ಪಟ್ಟಾದರೆ ಶೇ 20, ಐದು ಪಟ್ಟಾದರೆ ಶೇ 30. ಬಿಟ್ಟಿನ ವ್ಯಾಸದಷ್ಟು ಇಳಿದಾಗಲೆಲ್ಲ ಪೂರ್ತಿ ಹೊರಗೆಳೆದು ಚಿಪ್ಸ್ ಉದುರಿಸಿ ಕೂಲಂಟ್ ಹಾಕಿ ಮತ್ತೆ ಇಳಿಸಿ.

ಬಿಟ್ ಮುರಿಯುವ ಜಾಗ ತೂತಿನ ಕೊನೆ. ಮಧ್ಯದ ಅಂಚು ಆಚೆ ದಾಟಿದ ಕ್ಷಣ ಎದುರು ಬಲ ಒಮ್ಮೆಲೇ ಇಲ್ಲವಾಗುತ್ತದೆ, ನಿಮ್ಮ ಕೈ ಮಾತ್ರ ಅಷ್ಟೇ ಬಲದಲ್ಲಿ ತಳ್ಳುತ್ತಿರುತ್ತದೆ. ಬಿಟ್ ಧಡಕ್ಕನೆ ಕೆಳಗಿಳಿದು ದಪ್ಪನೆ ಚೂರು ಕಚ್ಚಿ ಸಿಕ್ಕಿಕೊಳ್ಳುತ್ತದೆ. ಕೊನೆಯ 2-3 ಎಂಎಂ ಬಂದಾಗ ಶಬ್ದ ಬದಲಾಗುವುದು ಕೇಳುತ್ತದೆ. ಅಲ್ಲಿ ಒತ್ತಡ ಅರ್ಧ ಮಾಡಿ, ಹ್ಯಾಂಡಲನ್ನು ತಳ್ಳುವುದಕ್ಕಿಂತ ತಡೆದು ಹಿಡಿಯಿರಿ. ಕೆಳಗೆ ಮರದ ಹಲಗೆ ಇಟ್ಟರೆ ಇನ್ನೂ ಕ್ಷೇಮ.

ಒಂದು ಉದಾಹರಣೆ ಪೂರ್ತಿ ನೋಡೋಣ. ಕಾಫಿ ಕಣದ ಪಕ್ಕದ ಶೆಡ್ಡಿನ ಕಂಬಕ್ಕೆ 12 ಎಂಎಂ ಬೇಸ್ ಪ್ಲೇಟ್, ಎಂ 16 ಬೋಲ್ಟಿಗೆ ನಾಲ್ಕು ತೂತು, ಇರುವ ಬಿಟ್ 18 ಎಂಎಂ. ಮಿಷಿನ್ 1.5 ಎಚ್‌ಪಿ ಪಿಲ್ಲರ್ ಡ್ರಿಲ್, ಹತ್ತಿರದ ಮೆಟ್ಟಿಲುಗಳು 325 ಮತ್ತು 470 ಎಂದುಕೊಳ್ಳಿ. 8000 ಭಾಗಿಸು 18 ಅಂದರೆ 444. ಪಂಪಿನಿಂದ ಕೂಲಂಟ್ ಹರಿಯುತ್ತಿದ್ದರೆ ಲೆಕ್ಕಕ್ಕಿಂತ ತುಸುವೇ ಹೆಚ್ಚಿರುವ 470 ಕೂಡ ನಡೆಯುತ್ತದೆ, ಆಗ ಅಂಚಿನ ವೇಗ 26.6 ಮೀಟರ್. ಬಾಟಲಿಯಲ್ಲಿ ಹನಿಸುವುದಾದರೆ 325. ನಾಲ್ಕೂ ಕಡೆ ಪಂಚ್ ಹೊಡೆದು, ಬೆಲ್ಟನ್ನು ಹೆಚ್ಚಿನ ಸ್ಪೀಡಿಗಿಟ್ಟು 4 ಎಂಎಂ ಪೈಲಟ್ ಎಲ್ಲವನ್ನೂ ಒಟ್ಟಿಗೆ ಮುಗಿಸಿ, ಆಮೇಲೆ ಬೆಲ್ಟ್ ಇಳಿಸಿ 18ರ ಬಿಟ್ ಹಾಕಿ. ಈ ಸೈಜಿನ ಟೇಪರ್ ಶ್ಯಾಂಕ್ ಬಿಟ್ (ಬುಡ ಸಣ್ಣಗಾಗುತ್ತ ಹೋಗಿ ನೇರ ಸ್ಪಿಂಡಲ್ಲಿಗೆ ಕೂರುವಂಥದ್ದು) 2ನೇ ನಂಬರಿನ ಮೋರ್ಸ್ ಟೇಪರ್ ಅಳತೆಯದು, ಸ್ಪಿಂಡಲ್ ದೊಡ್ಡದಿದ್ದರೆ ಮಧ್ಯೆ ಹಾಕುವ ಸ್ಲೀವ್ ಬೇಕು. ಸುತ್ತಿಗೆ 0.22 ಎಂಎಂ, 325 ಸುತ್ತು, ನಿಮಿಷಕ್ಕೆ 71 ಎಂಎಂ. ಇಳಿಯಬೇಕಾದ್ದು 12, ಮೊನೆಗೆ 5.4, ದಾಟಲು 1, ಹೆಚ್ಚುಕಡಿಮೆ 18.5 ಎಂಎಂ. ತೂತಿಗೆ 16 ಸೆಕೆಂಡು. ಕೈಫೀಡಿನಲ್ಲಿ 20-25 ಆದರೂ ಪರವಾಗಿಲ್ಲ. ಒಂದು ನಿಮಿಷ ಹಿಡಿದರೆ ಬಿಟ್ ಇಳಿಸಿ ಅಲಗು ನೋಡಿ.

9. ಚಿಪ್ಸ್ ಮತ್ತು ಬಿಟ್ ನೋಡಿ ಸರಿಪಡಿಸಿ

ಎಲ್ಲ ಸರಿಯಿದ್ದರೆ ಬಿಟ್ಟಿನ ಎರಡೂ ಕಾಲುವೆಗಳಿಂದ ಒಂದೇ ದಪ್ಪದ ಸುರುಳಿ ಬರುತ್ತದೆ, ಬಣ್ಣ ಬೆಳ್ಳಿ ಅಥವಾ ತಿಳಿ ಹಳದಿ. ನೀಲಿ ಬಣ್ಣ ಬಂದರೆ ಎಚ್ಎಸ್ಎಸ್ ಬಿಟ್ಟಿಗೆ ಬಿಸಿ ಜಾಸ್ತಿ: ಸ್ಪೀಡ್ ಒಂದು ಮೆಟ್ಟಿಲು ಇಳಿಸಿ. ಸುರುಳಿ ಬರದೆ ಪುಡಿ, ಸೂಜಿಯಂಥ ಚೂರು ಬಂದರೆ ಫೀಡ್ ಸಾಲದು. ಒಂದೇ ಕಾಲುವೆಯಿಂದ ಬಂದರೆ ಸಾಣೆ ಹಿಡಿದಾಗ ಎರಡು ಅಲಗು ಸಮ ಬಂದಿಲ್ಲ, ತೂತೂ ದೊಡ್ಡದಾಗಿರುತ್ತದೆ, ಅಳೆದು ನೋಡಿ.

ಬಿಟ್ಟಿನ ಹೊರ ಮೂಲೆ ಮಾತ್ರ ಸುಟ್ಟು ದುಂಡಗಾಗಿದ್ದರೆ ಸ್ಪೀಡ್ ಜಾಸ್ತಿ. ಮಧ್ಯದಲ್ಲಿ ಸೀಳಿದ್ದರೆ ಫೀಡ್ ಜಾಸ್ತಿ, ಅಥವಾ ಅಲಗಿನ ಹಿಂಭಾಗದ ಇಳಿಜಾರು ಕಡಿಮೆ. ಅಲಗಿನ ಅಂಚು ಉದ್ದಕ್ಕೂ ಚೂರುಚೂರು ಹಾರಿದ್ದರೆ ಆ ಇಳಿಜಾರು ಜಾಸ್ತಿಯಾಗಿದೆ. ಅದು 8ರಿಂದ 12 ಡಿಗ್ರಿ ಇರಬೇಕು. ಕೀಚಲು ಶಬ್ದ ಬಂದರೆ ಸಾಣೆ ಹಿಡಿಯುವ ಹೊತ್ತಾಯಿತು. ಮೂಲೆ ಸವೆದಿರುವಷ್ಟೂ ಭಾಗ ಹೋಗುವವರೆಗೆ ಹಿಡಿಯಿರಿ, ತುದಿಗೆ ಮಾತ್ರ ಪಾಲಿಶ್ ಕೊಟ್ಟರೆ ಪ್ರಯೋಜನವಿಲ್ಲ. ಸಾಣೆಯಲ್ಲಿ ಕೆಂಪಗೆ ಕಾದ ಬಿಟ್ಟನ್ನು ನೀರಿಗೆ ಅದ್ದಿದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಕಾಯುವ ಮೊದಲೇ ಆಗಾಗ ತಣ್ಣಗೆ ಮಾಡುತ್ತಿರಿ.

ಕೈ ಡ್ರಿಲ್ ಇರುವವರಿಗೆ

ನೇಮ್‌ಪ್ಲೇಟಿನಲ್ಲಿ ನೋ ಲೋಡ್ ಸ್ಪೀಡ್, ಅಂದರೆ ಕೊರೆಯದೆ ಸುಮ್ಮನೆ ತಿರುಗುವಾಗಿನ ಸ್ಪೀಡ್, ಓದಿ. 10 ಎಂಎಂ ಚಕ್ಕಿನ ಹಗುರ ಡ್ರಿಲ್ಲುಗಳಲ್ಲಿ ಅದು 2600ರ ಆಸುಪಾಸು ಇರುವುದುಂಟು. 3 ಎಂಎಂ ಬಿಟ್ಟಿಗೆ ಅದು ಸರಿಯಾದ ಸ್ಪೀಡ್. ಅದರಲ್ಲೇ 10 ಎಂಎಂ ಬಿಟ್ ಓಡಿಸಿದರೆ ಹೊರ ಅಂಚು ನಿಮಿಷಕ್ಕೆ 80 ಮೀಟರ್ ದಾಟುತ್ತದೆ, ಬೇಕಾದ್ದಕ್ಕಿಂತ ಮೂರು ಪಟ್ಟು. ವೇಗ ಹೊಂದಿಸುವ ಟ್ರಿಗ್ಗರ್ ಇದ್ದರೆ ಅರ್ಧ ಒತ್ತಿ. ಇಲ್ಲದಿದ್ದರೆ 6 ಎಂಎಂಗೆ ನಿಲ್ಲಿಸಿ, ದೊಡ್ಡದಕ್ಕೆ ನಿಧಾನ ಓಡುವ 13 ಎಂಎಂ ಡ್ರಿಲ್ ತನ್ನಿ. ಅದರ ಪಕ್ಕದ ಹಿಡಿ ಬಿಚ್ಚಿಡುವವರೇ ಹೆಚ್ಚು. ಬಿಟ್ ಕಚ್ಚಿಕೊಂಡಾಗ ಮಣಿಕಟ್ಟು ತಿರುಚಿಕೊಳ್ಳುವುದು ಆಗಲೇ.

ತಗಡಿಗೆ ಬೇರೆ ಲೆಕ್ಕ. ತಗಡಿನ ದಪ್ಪವು ಬಿಟ್ಟಿನ ವ್ಯಾಸದ 0.3 ಪಟ್ಟಿಗಿಂತ ಕಡಿಮೆಯಿದ್ದರೆ ಹೊರ ಮೂಲೆ ಕಚ್ಚುವ ಮೊದಲೇ ಮೊನೆ ಆಚೆ ಹೋಗಿ ಬಿಟ್ಟಿಗೆ ಆಧಾರ ತಪ್ಪುತ್ತದೆ, ತೂತು ಮೂರು ಮೂಲೆಯಾಗುತ್ತದೆ. ಕೆಳಗೆ ಮರ ಇಟ್ಟು ಬಿಗಿದು ಕೊರೆಯಿರಿ, ಅಥವಾ ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಡ್ರಿಲ್ ಬಳಸಿ. ಅದಕ್ಕೆ ಸ್ಪೀಡ್ ಲೆಕ್ಕ ಹಾಕುವಾಗ ನೀವು ತಲುಪಬೇಕಾದ ಕೊನೆಯ ಮೆಟ್ಟಿಲಿನ ವ್ಯಾಸ ಹಿಡಿಯಿರಿ.